ನನ್ನ ಕೊಲೆಗಾರನ ಕೈಗೆ ಚಾಣ ಹೇಗೆ ಬಂತು

ಬರೆಯುತ್ತಿರುವ ಕಾದಂಬರಿಗೆ ಒಬ್ಬ ಗುಪ್ತ ಕೊಲೆಗಾರ ಬೇಕಾಗಿದ್ದ. ಕಾಲ 1770ರ ದಶಕದ ಕೊನೆ. ಜಾಗ ಚಿತ್ರದುರ್ಗದ ಕೋಟೆ. ಹೈದರಾಲಿಯ ಸೈನ್ಯ ಒಂದು ಸಲ ಬಂದು ಹೋಗಿದೆ, ಮತ್ತೆ ಬಂದೇ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಕೋಟೆ ಒಳಗಿನ ಸುದ್ದಿಯನ್ನು ಹೊರಗೆ ಮಾರುತ್ತಿರುವ ಒಬ್ಬ ಅಧಿಕಾರಿಯನ್ನು ಸದ್ದಿಲ್ಲದೆ ಮುಗಿಸಬೇಕು. ಅಧಿಕಾರಿಯೂ ಕೊಲೆಗಾರನೂ ನನ್ನ ಕಲ್ಪನೆ. 1779ರಲ್ಲಿ ಕೋಟೆ ಹೈದರನ ಕೈಗೆ ಹೋಗಿದ್ದು ಮಾತ್ರ ಇತಿಹಾಸ. ಕಥೆಯ ಹಂದರ ಸಿದ್ಧವಿತ್ತು. ಅವನ ಕೈಗೆ ಏನು ಕೊಡೋದು ಅನ್ನೋದೇ ಉಳಿದಿತ್ತು.

ಕೇಳಿದವರೆಲ್ಲ ಒಂದೊಂದು ಹೇಳಿದರು. ಒಬ್ಬ ಕಠಾರಿ ಅಂದ, ಇನ್ನೊಬ್ಬ ವಿಷ ಅಂದ, ಮತ್ತೊಬ್ಬ ಅಂಗೈಯಲ್ಲಿ ಅಡಗಿಸಿ ಹಿಡಿಯುವ ಉಕ್ಕಿನ ಹುಲಿಯುಗುರು. ಸಿನಿಮಾ ನೋಡಿ ಬೆಳೆದವರಲ್ವಾ, ಆಯುಧ ಅಂದ್ರೆ ಮಿಂಚಬೇಕು. ನಾನು ಆಯುಧವನ್ನು ಪಕ್ಕಕ್ಕಿಟ್ಟು ಬಾಗಿಲು ಕಾಯುವವನ ಬಗ್ಗೆ ಯೋಚಿಸಿದೆ. ಅವನು ಏನನ್ನು ನೋಡಿದರೆ ಸುಮ್ನೆ ‘ಹೋಗು’ ಅಂತಾನೆ? ಕೆಲಸ ಮುಗಿದ ಮೇಲೆ ಅದೇ ವಸ್ತು ಹಿಡಿದುಕೊಂಡು ಅದೇ ಬಾಗಿಲಲ್ಲಿ ಹೊರಗೆ ಬರೋಕೆ ಆಗುತ್ತಾ? ಈ ಎರಡಕ್ಕೂ ಉತ್ತರ ಕೊಡದ ಆಯುಧ ಎಷ್ಟೇ ಚೆಂದ ಇದ್ದರೂ ನನಗೆ ಬೇಡ.

ಕಠಾರಿಯಿಂದಲೇ ಶುರು ಮಾಡಿದೆ. ರಂಗಯ್ಯನ ಬಾಗಿಲ ಹತ್ತಿರದ ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ಹೋದರೆ ಹಳೆಯ ಕಾಲದ ಆಯುಧಗಳನ್ನು ನೋಡಬಹುದು. ಬರೆಯುವವರು ಅಲ್ಲಿಗೆ ಹೋಗಲೇಬೇಕು. ಚಿತ್ರದಲ್ಲಿ ನೋಡಿದರೆ ಉದ್ದ, ದಪ್ಪ ಗೊತ್ತಾಗೋದಿಲ್ಲ. ಕಠಾರಿಯ ಹಿಡಿ ಮಾಮೂಲಿ ಚೂರಿಯದ್ದಲ್ಲ. ಎರಡು ಪಟ್ಟಿಗಳ ನಡುವೆ ಅಡ್ಡಲಾಗಿ ಹಿಡಿ ಇರುತ್ತದೆ. ಮುಷ್ಟಿ ಕಟ್ಟಿ ಹಿಡಿದರೆ ಅಲಗು ಮುಂಗೈ ನೇರಕ್ಕೆ ನಿಲ್ಲುತ್ತದೆ. ಗುದ್ದು ಕೊಟ್ಟ ಹಾಗೆ ಚುಚ್ಚುವ ಆಯುಧ. ಕೆಲವು ಕಠಾರಿಗಳ ಮೊನೆಯನ್ನು ಬೇಕಂತಲೇ ದಪ್ಪ ಮಾಡಿರುತ್ತಾರೆ, ಸರಪಳಿ ಕವಚ ಹರಿಯಲಿ ಅಂತ. ಕೆಲಸಕ್ಕೇನೋ ಅದ್ಭುತ. ಆದರೆ ಅದು ನಡುಪಟ್ಟಿಗೆ ಸಿಕ್ಕಿಸಿಕೊಂಡು ದರ್ಬಾರಿಗೆ ಹೋಗುವವರ ಆಯುಧ. ನನ್ನವನು ಕೂಲಿಯವನು. ಕೂಲಿಯವನ ಸೊಂಟದಲ್ಲಿ ಕಠಾರಿ ಕಂಡರೆ ಮೊದಲ ಬಾಗಿಲಲ್ಲೇ ಕಥೆ ಮುಗೀತು. ಕೊಲೆಗಾರ ದಳವಾಯಿಯ ಮಗನಾಗಿದ್ದರೆ ಎರಡನೇ ಯೋಚನೆ ಇಲ್ಲದೆ ಇದನ್ನೇ ಕೊಡುತ್ತಿದ್ದೆ.

ಹುಲಿಯುಗುರು ಎಲ್ಲರಿಗೂ ಇಷ್ಟ. 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಶಿವಾಜಿ ಅಫ್ಜಲ್ ಖಾನನನ್ನು ಎದುರಿಸಿದ ಕಥೆ ಗೊತ್ತಿಲ್ಲದವರು ಯಾರು? ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಿಂದ ಒಂದು ಹುಲಿಯುಗುರು 2024ರಲ್ಲಿ ಸಾತಾರಾಕ್ಕೆ ಎರವಲಾಗಿ ಬಂದಿತ್ತು. ಶಿವಾಜಿಯ ಕೈಯಲ್ಲಿದ್ದದ್ದು ಅದೇ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂತ ಆ ಮ್ಯೂಸಿಯಂನವರೇ ಹೇಳುತ್ತಾರೆ. ಇರಲಿ. ಎದುರಿನವನು ತಬ್ಬಿಕೊಳ್ಳುವಷ್ಟು ಹತ್ತಿರ ಬಂದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಕೂಲಿಯವನನ್ನು ಯಾವ ಅಧಿಕಾರಿ ತಬ್ಬಿಕೊಳ್ಳುತ್ತಾನೆ ಹೇಳಿ!

ಬಂದೂಕಿಗೆ ಚಿತ್ರದುರ್ಗದಲ್ಲಿ ಕೊರತೆ ಇರಲಿಲ್ಲ. ಮದ್ದು ಬೀಸುತ್ತಿದ್ದ ನಾಲ್ಕು ಭಾರೀ ಕಲ್ಲುಗಳು ಇವತ್ತಿಗೂ ಕೋಟೆಯಲ್ಲಿವೆ. ಪ್ರವಾಸಕ್ಕೆ ಬಂದ ಮಕ್ಕಳು ಅವುಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಆ ಕಾಲದ ಮಾಮೂಲಿ ಬಂದೂಕು ಅಂದರೆ ಬತ್ತಿ ಹೊತ್ತಿಸಿ ಹಾರಿಸುವಂಥದ್ದು. ಪೆಟ್ಲುಪ್ಪಿನ ನೀರಲ್ಲಿ ನೆನೆಸಿ ಒಣಗಿಸಿದ ಹುರಿ ಕೆಂಡದ ತರ ನಿಧಾನಕ್ಕೆ ಉರಿಯುತ್ತಾ ಇರಬೇಕು. ಕತ್ತಲಲ್ಲಿ ಆ ಕೆಂಪು ಚುಕ್ಕೆ ದೂರಕ್ಕೇ ಕಾಣುತ್ತದೆ. ವಾಸನೆ ಇನ್ನೂ ದೂರ ಹೋಗುತ್ತದೆ. ಮಳೆ ಹನಿ ಬಿದ್ದರೆ ಆಟ ಬಂದ್. ಒಂದು ಗುಂಡು ತಪ್ಪಿದರೆ ಮತ್ತೆ ಮದ್ದು ತುಂಬಿಸೋಕೆ ಪಳಗಿದ ಕೈಗೂ ಅರ್ಧ ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಹೊಗೆ ನೋಡಿ ಪಹರೆಯವರು ಬಂದಿರುತ್ತಾರೆ. ಗೋಡೆ ಮೇಲೆ ಕೂತು ಹೊರಗಿನ ಶತ್ರುವಿಗೆ ಹೊಡೆಯೋಕೆ ಸರಿ, ಗುಟ್ಟಿನ ಕೆಲಸಕ್ಕಲ್ಲ.

ಬಿಲ್ಲು ಬಾಣವನ್ನೂ ಬಿಟ್ಟೆ. ಬೇಟೆಯಲ್ಲಿ ಪಳಗಿದ ಕೈಗಳು ದುರ್ಗದಲ್ಲಿ ಬೇಕಾದಷ್ಟಿದ್ದವು, ನಿಜ. ಆದರೆ ಮೇಲುದುರ್ಗದ ಗಾಳಿ ನಿಮಗೆ ಗೊತ್ತಲ್ಲ, ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ವಿಷಕ್ಕೆ ಅಡುಗೆಮನೆಯ ಒಳಗಿನ ಇನ್ನೊಂದು ಪಾತ್ರ ಬೇಕು. ಅಷ್ಟು ಜನರನ್ನು ಸಾಕೋಕೆ ನನ್ನಿಂದ ಆಗಲ್ಲ.

ಕತ್ತಿಯ ವಿಷಯಕ್ಕೆ ಮಾತ್ರ ಕೋಟೆ ಹತ್ತಿದೆ. ತಲವಾರಿನ ಅಲಗು ಎರಡೂವರೆ ಅಡಿ ಆಸುಪಾಸು ಇರುತ್ತದೆ. ಉದ್ದ ಕೋಲಿನ ಛತ್ರಿ ಹೆಚ್ಚು ಕಡಿಮೆ ಅದೇ ಅಳತೆ. ಅದನ್ನೇ ಹಿಡಿದು ಒಂದೊಂದು ಬಾಗಿಲಲ್ಲೂ ನಿಂತು ನೋಡಿದೆ. ಇಲ್ಲಿನ ಬಾಗಿಲುಗಳು ಒಂದರ ಎದುರಿಗೊಂದು ನೇರ ಇಲ್ಲ. ಆನೆ ಓಡಿ ಬಂದು ಗುದ್ದಬಾರದು ಅಂತ ದಾರಿಯನ್ನು ತಿರುಗಿಸಿ ತಿರುಗಿಸಿ ಕಟ್ಟಿದ್ದಾರೆ. ಆ ತಿರುವುಗಳಲ್ಲಿ ಎರಡೂ ಕಡೆ ಗೋಡೆ. ಛತ್ರಿ ಬೀಸಿದರೆ ಕಲ್ಲಿಗೆ ತಾಗುತ್ತದೆ. ಬಿಸಿಲಿಲ್ಲ, ಮಳೆ ಇಲ್ಲ, ಒಬ್ಬ ಮನುಷ್ಯ ಮೂಲೆಯಲ್ಲಿ ನಿಂತು ಛತ್ರಿ ಬೀಸುತ್ತಿದ್ದರೆ ಜನ ನೋಡದೆ ಇರುತ್ತಾರಾ? ನೋಡಿದರು.

ಓಬವ್ವನ ಕಿಂಡಿ ಹತ್ತಿರ ಬಂದಾಗ ಇದು ಇನ್ನೂ ಚೆನ್ನಾಗಿ ಅರ್ಥವಾಯಿತು. ಚಿಕ್ಕಂದಿನಿಂದ ಕೇಳಿದ ಕಥೆಯೇ. ಗಂಡ ಊಟಕ್ಕೆ ಕೂತಿದ್ದಾನೆ, ನೀರು ತರೋಕೆ ಹೋದವಳಿಗೆ ಕಿಂಡಿ ಹತ್ತಿರ ಪಿಸುಮಾತು ಕೇಳುತ್ತದೆ, ಕೈಗೆ ಸಿಕ್ಕಿದ್ದು ಒನಕೆ. ಆಯುಧದ ಕಣ್ಣಿಂದ ಇದನ್ನು ಒಂದು ಸಲ ನೋಡಿ. ನುಸುಳಿ ಬರುವವನು ಬಗ್ಗಿ, ತಲೆ ಮುಂದೆ ಮಾಡಿ, ಒಬ್ಬೊಬ್ಬನೇ ಬರಬೇಕು. ಅವನ ಕತ್ತಿ ಅವನಿಗೇ ಅಡ್ಡ. ಪಕ್ಕದಲ್ಲಿ ನಿಂತವಳಿಗೆ ಮೇಲಿಂದ ಕೆಳಕ್ಕೆ ಬೀಳುವ ತೂಕ ಒಂದಿದ್ದರೆ ಸಾಕು. ದಿನಾ ಭತ್ತ ಕುಟ್ಟುವ ತೋಳಿಗೆ ಆ ಪೆಟ್ಟು ಹೊಸದಲ್ಲ. ಆ ಜಾಗಕ್ಕೆ, ಆ ಕೈಗೆ ಒನಕೆಗಿಂತ ಒಳ್ಳೆ ಆಯುಧ ಯಾವ ಆಯುಧಶಾಲೆಯಲ್ಲೂ ಸಿಗುತ್ತಿರಲಿಲ್ಲ. ನನ್ನವನಿಗೂ ಹೀಗೇ ಅವನ ತೋಳಿಗೆ ಗೊತ್ತಿರುವ ವಸ್ತು ಬೇಕು ಅಂತ ಆಗ ತೀರ್ಮಾನ ಮಾಡಿದೆ.

ಉತ್ತರ ಬಂಡೆಯ ಮೇಲೇ ಬರೆದಿತ್ತು. ಕೋಟೆ ಹತ್ತುವಾಗ ಬಂಡೆಗಳಲ್ಲಿ ಚಿಕ್ಕ ಚೌಕದ ಕುಳಿಗಳ ಸಾಲು ಕಾಣುತ್ತವೆ. ಕಲ್ಲು ಸೀಳೋಕೆ ಹೊಡೆದ ಕುಳಿಗಳು. ಇಡೀ ದುರ್ಗವೇ ಕಲ್ಲು. ಮುತ್ತಿಗೆ ನಡೆದ ಮೇಲೆ ಗೋಡೆ ದುರಸ್ತಿ ಇದ್ದೇ ಇರುತ್ತದೆ. ಕಲ್ಲು ಕೆಲಸದವನು ಎಲ್ಲಾ ಬಾಗಿಲು ದಾಟಿ ಒಳಗೆ ಹೋಗುತ್ತಾನೆ, ಸಂಜೆ ವಾಪಸ್ ಬರುತ್ತಾನೆ. ಅವನ ಚೀಲದಲ್ಲಿ ಸುತ್ತಿಗೆ, ಚಾಣ (ಕಲ್ಲು ಕೆತ್ತುವ ಉಳಿ) ಇಲ್ಲದಿದ್ದರೇ ಕಾವಲುಗಾರನಿಗೆ ಅನುಮಾನ ಬರಬೇಕು.

ಚಾಣವನ್ನು ಕೈಯಲ್ಲಿ ಹಿಡಿದು ನೋಡದೆ ಬರೆಯೋದು ಬೇಡ ಅನ್ನಿಸಿತು. ಊರ ಹೊರಗೆ ಒರಳು, ಗುಂಡುಕಲ್ಲು ಮಾಡುವ ಒಬ್ಬರ ಹತ್ತಿರ ಹೋಗಿ ಕೂತೆ. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಉದ್ದ, ಹೆಬ್ಬೆರಳ ದಪ್ಪ. ಸುತ್ತಿಗೆ ಪೆಟ್ಟು ತಿಂದು ತಿಂದು ತಲೆ ಅಣಬೆಯ ಹಾಗೆ ಅರಳಿತ್ತು. ಅಂಚೆಲ್ಲಾ ಚೂಪು ಚೂಪು. ಮೊನೆಗಿಂತ ತಲೆಯೇ ಅಂಗೈ ಕೊಯ್ಯುವ ಹಾಗಿತ್ತು. ಮೊನೆ ನೋಡಿದರೆ ಮೊಂಡು.

‘ಅಣ್ಣ, ಇದರಲ್ಲಿ ಕಲ್ಲು ಹೆಂಗೆ ಒಡೀತೀರ?’ ಅಂದೆ.

‘ಬೆಳಿಗ್ಗೆ ಚೂಪಾಗೇ ಇತ್ತು ಮೇಷ್ಟ್ರೇ. ಕಲ್ಲು ತಿಂದಾಕ್ತದೆ. ಸಂಜೆಗೆ ಎಲ್ಲಾ ಕುಲುಮೆಗೆ ಹಾಕ್ಬೇಕು.’

ಕುಲುಮೆ ಪಕ್ಕದಲ್ಲೇ ಇತ್ತು. ಇದ್ದಿಲಿನಲ್ಲಿ ಚಾಣಗಳ ಮೊನೆ ಹೂತಿಟ್ಟು ಕೆಂಪಗೆ ಕಾಯಿಸಿದರು. ಇಕ್ಕಳದಲ್ಲಿ ತೆಗೆದು ತಿರುಗಿಸಿ ತಿರುಗಿಸಿ ತಟ್ಟಿ ಮೊನೆ ಎಳೆದರು. ಆಮೇಲೆ ತುದಿಗೆ ಮಾತ್ರ ನೀರು ಕುಡಿಸಿದರು. ಮೇಲಿನ ಬಿಸಿ ನಿಧಾನಕ್ಕೆ ತುದಿಗೆ ಇಳಿಯುವಾಗ ಬಣ್ಣ ತಿರುಗುತ್ತದೆ, ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೀಲಿ. ಬೇಕಾದ ಬಣ್ಣ ಬಂದ ಕ್ಷಣಕ್ಕೆ ಪೂರ್ತಿ ನೀರಿಗೆ. ಮೊದಲೇ ಅದ್ದಿದರೆ ಮೊನೆ ಪಟ್ ಅಂತ ಮುರಿಯುತ್ತದೆ, ತಡ ಮಾಡಿದರೆ ಬಾಗುತ್ತದೆ. ಹದ ಅಂದರೆ ಇದೇ.

ಅಲ್ಲಿಂದ ಎದ್ದು ಬರುವಾಗ ಕೊಲೆಯ ಅಧ್ಯಾಯ ಪೂರ್ತಿ ತಲೆಯಲ್ಲಿತ್ತು. ದಿನವಿಡೀ ಕಲ್ಲಿಗೆ ಹೊಡೆದ ಚಾಣ ಈ ಕೆಲಸಕ್ಕೆ ಆಗಲ್ಲ. ಹಾಗಾಗಿ ನನ್ನವನು ಹೊಸದಾಗಿ ಮೊನೆ ಎಳೆದ ಒಂದನ್ನು ಮುಟ್ಟದೆ ಉಳಿಸಿಕೊಳ್ಳಬೇಕು. ಮೊಂಡಾಗದ ಆ ಒಂದು ಚಾಣ ಪಕ್ಕದಲ್ಲಿ ಕೂತ ಇನ್ನೊಬ್ಬ ಕಲ್ಲುಕುಟಿಗನ ಕಣ್ಣಿಗೆ ಬೀಳಬಹುದು. ಕಾವಲುಗಾರನಿಗೆ ಕಾಣದ ಸುಳಿವು ಜೊತೆಗಾರನಿಗೆ ಕಾಣುತ್ತದೆ. ನಾನು ಹುಡುಕುತ್ತಿದ್ದ ಭಯ ಅಲ್ಲಿ ಸಿಕ್ಕಿತು.

ಇನ್ನೊಂದು ಗಂಟು ಲೆಕ್ಕದ್ದು. ಆಗ ಕಬ್ಬಿಣ, ಉಕ್ಕು ಅಗ್ಗದ ವಸ್ತು ಅಲ್ಲ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನವರು ಅದಿರು ಕಾಯಿಸಿ ಕಬ್ಬಿಣ ತೆಗೆಯೋದನ್ನು, ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡೋದನ್ನು ವಿವರವಾಗಿ ಬರೆದಿದ್ದಾನೆ. ರಾಶಿ ಇದ್ದಿಲು, ತಿದಿ ಒತ್ತುವ ಆಳುಗಳು, ಗಂಟೆಗಟ್ಟಲೆ ಕೆಲಸ, ಕೊನೆಗೆ ಸಿಗೋದು ಸಣ್ಣ ಗಟ್ಟಿ. ಅದಕ್ಕೇ ನನ್ನ ಕಥೆಯ ಮೇಸ್ತ್ರಿ ಸಂಜೆ ಚಾಣಗಳನ್ನು ಎಣಿಸಿ ತೆಗೆದುಕೊಳ್ಳುತ್ತಾನೆ. ಒಂದು ಕಮ್ಮಿ ಬಂದರೆ ಗಲಾಟೆ. ಹಾಗಾಗಿ ಕೊಲೆ ಮಾಡಿ ಆಯುಧವನ್ನು ಹೊಂಡಕ್ಕೆ ಎಸೆಯೋ ಹಾಗಿಲ್ಲ. ವಾಪಸ್ ತರಲೇಬೇಕು. ತಂದು ಉಳಿದವುಗಳ ಜೊತೆ ಕುಲುಮೆಗೆ ಹಾಕಿದರೆ ಬೆಂಕಿ ಅದನ್ನು ತೊಳೆದುಬಿಡುತ್ತದೆ. ಮಾರನೇ ದಿನ ಅದೇ ಚಾಣದಲ್ಲಿ ಯಾರೋ ಗೋಡೆಗೆ ಕಲ್ಲು ಕೆತ್ತುತ್ತಿರುತ್ತಾರೆ. ಕಠಾರಿಯೋ ಬಾಕುವೋ ಆಗಿದ್ದರೆ ಅದನ್ನು ಎಲ್ಲಿ ಮುಚ್ಚಿಡೋದು ಅಂತ ಇನ್ನೊಂದು ಅಧ್ಯಾಯ ಬೇಕಾಗುತ್ತಿತ್ತು.

ಕೊಲೆಯ ದೃಶ್ಯವನ್ನು ಆರೇಳು ಸಾಲಿನಲ್ಲಿ ಮುಗಿಸಿದ್ದೇನೆ. ಎಲ್ಲಿ ಚುಚ್ಚಿದ, ಎಷ್ಟು ಆಳ, ರಕ್ತ ಎಷ್ಟು ದೂರ ಹಾರಿತು ಅಂತ ಬರೆಯೋದು ನನಗೆ ಸೇರಲ್ಲ. ಓದುವವರಿಗೂ ಅದು ಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಬದಲಿಗೆ ಬಾಗಿಲಿನ ದೃಶ್ಯ ದೊಡ್ಡದು ಮಾಡಿದೆ. ಕಾವಲುಗಾರ ಚೀಲಕ್ಕೆ ಕೈ ಹಾಕುತ್ತಾನೆ, ಚಾಣ ತೆಗೆಯುತ್ತಾನೆ, ಅರಳಿದ ತಲೆ ಅವನ ಬೆರಳು ತರಚುತ್ತದೆ. ‘ಥೂ, ಹೋಗಯ್ಯಾ ಅತ್ಲಾಗೆ’ ಅಂತ ಬಯ್ದು ಚೀಲ ತಳ್ಳುತ್ತಾನೆ. ಆಯುಧ ಅವನ ಕೈಗೇ ಬಂದು ಹೋಗಿದೆ, ಅವನಿಗೆ ಗೊತ್ತಾಗಿಲ್ಲ.

ಇದನ್ನು ಓದಿದ ದಾವಣಗೆರೆಯ ಗೆಳೆಯನೊಬ್ಬ ತನ್ನ ಇವತ್ತಿನ ಕಾಲದ ಕಥೆ ತಂದು ಮುಂದಿಟ್ಟ. ಅವನ ಕೊಲೆಗಾರ ರಿವಾಲ್ವರಿಗೆ ಸೈಲೆನ್ಸರ್ ಹಾಕಿಕೊಂಡು ಲಾಡ್ಜಿನಲ್ಲಿ ಗುಂಡು ಹೊಡೆಯುತ್ತಾನೆ, ಪಕ್ಕದ ರೂಮಿಗೂ ಕೇಳಿಸಲ್ಲ. ನಾನು ಬೇಡ ಮಾರಾಯ ಅಂದೆ. ಕೈಬಂದೂಕಿನ ಸದ್ದು 160 ಡೆಸಿಬಲ್ ಆಸುಪಾಸು. ಸೈಲೆನ್ಸರ್ ಅದರಲ್ಲಿ 20ರಿಂದ 35 ಡೆಸಿಬಲ್ ಇಳಿಸಬಹುದು, ಅಷ್ಟೇ. ಉಳಿದದ್ದು ಲಾಡ್ಜನ್ನೆಲ್ಲಾ ಎಬ್ಬಿಸೋಕೆ ಸಾಕು. ಅದೂ ರಿವಾಲ್ವರಿನಲ್ಲಿ ಗುಂಡು ತುಂಬುವ ಉರುಳೆಗೂ ನಳಿಕೆಗೂ ನಡುವೆ ಸಂದು ಇರುತ್ತದೆ. ಹೊಗೆಯೂ ಸದ್ದೂ ಅಲ್ಲಿಂದಲೇ ಹೊರಗೆ ಬರುತ್ತವೆ.

‘ಹಂಗಾದ್ರೆ ಏನ್ ಕೊಡ್ಲಿ, ನಿನ್ ಚಾಣಾನಾ?’ ಅಂದ ಸಿಟ್ಟಲ್ಲಿ.

ಚಾಣ ಯಾಕೆ? ಅವನ ಕೊಲೆಗಾರ ಮಂಡಿಯಲ್ಲಿ ಮೂಟೆ ಹೊರುವವನು, ಅದನ್ನು ಅವನೇ ಬರೆದಿದ್ದಾನೆ. ಶಸ್ತ್ರಾಸ್ತ್ರ ಕಾಯ್ದೆ ಬಂದದ್ದು 1959ರಲ್ಲಿ. ಅದರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿರುವ ಚಾಕು ಆಯುಧದ ಪಟ್ಟಿಯಲ್ಲಿದೆ. ಮನೆಗೆ, ಹೊಲಕ್ಕೆ, ಕಾರ್ಖಾನೆಗೆ ಅಂತ ಮಾಡಿದ್ದನ್ನು ಮಾತ್ರ ಅದೇ ಪಟ್ಟಿ ಹೊರಗಿಟ್ಟಿದೆ. ದುರ್ಗದ ಕಾವಲುಗಾರನೂ ಇದನ್ನೇ ಮಾಡಿದ್ದಲ್ವಾ? ಹಮಾಲರು ಗೋಣಿಚೀಲ ಎಳೆಯೋಕೆ ಹೆಗಲ ಮೇಲೆ ಸಿಕ್ಕಿಸಿಕೊಂಡಿರುವ ಕಬ್ಬಿಣದ ಕೊಕ್ಕೆ ನೋಡಿದ್ದೀಯಾ ಅಂತ ಕೇಳಿದೆ. ನೋಡಿದ್ದೀನಿ ಅಂದ, ಆದರೆ ಅದರ ಹಿಡಿ ಮರದ್ದೋ ಕಬ್ಬಿಣದ್ದೋ ಅಂದರೆ ಉತ್ತರ ಬರಲಿಲ್ಲ. ಈಗ ಬೆಳಿಗ್ಗೆ ಹೊತ್ತು ಎಪಿಎಂಸಿಯಲ್ಲಿ ಹಮಾಲರ ಜೊತೆ ಟೀ ಕುಡಿಯುತ್ತಾ ಕೂತಿರುತ್ತಾನಂತೆ.