ಎರೆಮಣ್ಣು ಕೊನೆಗೂ ಹಲಗೆ ಮೇಲೆ ನಿಂತಿತು

"ಅಕ್ಕಾರ, ಎರಿ ಮಣ್ಣು ಕಟಗಿ ಮ್ಯಾಲೆ ನಿಂದ್ರಂಗಿಲ್ರಿ. ಸುಮ್ನ ರೊಕ್ಕಾ ಹಾಳ ಮಾಡ್ಕೊಳ್ಳಾಕತ್ತೀರಿ." ಧಾರವಾಡದಲ್ಲಿ ನನಗೆ ಫ್ರೇಮ್ ಹಾಕಿಕೊಡುವವರು ಮೂರು ವರ್ಷದ ಹಿಂದೆ ಹೀಗಂದಿದ್ದರು. ಈಗ ಅವರ ಅಂಗಡಿ ಗೋಡೆ ಮೇಲೆಯೇ ನನ್ನ ಹಲಗೆಯೊಂದಿದೆ. ಎರಡು ಮಳೆಗಾಲ ದಾಟಿದೆ. ಒಂದು ಚೂರೂ ಉದುರಿಲ್ಲ.

ಹಲಗೆ ಮೇಲೆ ಮಣ್ಣು ಮೆತ್ತಿ, ಗೋಡೆಗೆ ಹಾಕುವ ಚಿತ್ರ ಮಾಡುತ್ತೇನೆ ನಾನು. ನನಗೆ ಬೇಕಿದ್ದದ್ದು ಏಪ್ರಿಲ್‌ನಲ್ಲಿ ನವಲಗುಂದ ಕಡೆ ಕಾಣುವ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ ಅಲ್ವಾ, ಅದು. ಬಣ್ಣದಲ್ಲಿ ಬಿಡಿಸುವುದು ಬೇಡ, ಹೊಲದ ಮಣ್ಣೇ ಬೇಕು. ಅದು ತಾನಾಗಿಯೇ ಬಿರಿಯಬೇಕು. ಬಿರಿದ ಮೇಲೂ ಹಲಗೆ ಬಿಡಬಾರದು.

ಮೊದಲು ಹಳೇ ಬಾಗಿಲಿನ ಸಾಗವಾನಿ ಹಲಗೆ ತಂದೆ. ನಾಲ್ಕಕ್ಕೆ ಎರಡೂವರೆ ಸಾವಿರ ಇರಬೇಕು. ಸಾಗವಾನಿಯಲ್ಲಿ ಎಣ್ಣೆ ಜಾಸ್ತಿ. ಮಣ್ಣಿಗೂ ಮೊದಲು ಹಲಗೆಗೆ ಬಳಿಯುವ ಬಿಳಿ ತಳಪದರ, ಜೆಸ್ಸೋ, ಅದೇ ಹಪ್ಪಳದ ಹಾಗೆ ಎದ್ದು ಬಂತು. ಆಮೇಲೆ ಮಾವಿನ ಹಲಗೆ. ಅದು ಸರಿಯಾಗಿ ಒಣಗಿರಲಿಲ್ಲ, ನಾನು ಒಂದೇ ಮುಖಕ್ಕೆ ಜೆಸ್ಸೋ ಹಚ್ಚಿದ್ದೆ. ತಿಂಗಳೊಳಗೆ ದೋಣಿಯಂತೆ ಬಾಗಿ, ಮಣ್ಣೆಲ್ಲ ನೆಲಕ್ಕೆ ಬಿತ್ತು. ಈಗಲೂ ಮಾವೇ ಬಳಸುತ್ತೇನೆ. ಆದರೆ ವರ್ಷ ನೆರಳಲ್ಲಿ ಒಣಗಿದ್ದೇ ಆಗಬೇಕು, ಎರಡೂ ಮುಖಕ್ಕೆ ತೇವ ತಡೆಯುವ ಸೀಲರ್ ಬೀಳಬೇಕು.

ಅಂಟಿನ ಕಥೆ ಬೇರೆ. ಫೆವಿಕಾಲ್ ಜಾಸ್ತಿ ಹಾಕಿದರೆ ಮಣ್ಣು ಬಿರಿಯುವುದೇ ಇಲ್ಲ, ರಬ್ಬರ್ ಚಾಪೆಯಾಗುತ್ತದೆ. ಕಡಿಮೆ ಹಾಕಿದರೆ ಅಂಚು ಮೇಲೆದ್ದು ಉದುರುತ್ತದೆ. ಕಿನ್ನಾಳದ ಬೊಂಬೆ ಮಾಡುವವರು ಹುಣಸೆ ಬೀಜದ ಅಂಟಿಗೆ ಕಟ್ಟಿಗೆ ಪುಡಿ ಕಲಸುತ್ತಾರೆ. ಅದನ್ನು ನೆನಪಿಸಿಕೊಂಡು ನಾನೂ ಬೀಜ ಹುರಿದು, ಸಿಪ್ಪೆ ತೆಗೆದು, ಅಂಟು ಕಾಯಿಸಿದೆ. ಬಿರುಕು ಎಷ್ಟು ಚಂದ ಬಂತು! ಜುಲೈನಲ್ಲಿ ಆರೂ ಹಲಗೆಗೆ ಬೂಸ್ಟು. ಎಂಟು ಸಾವಿರದಷ್ಟು ನಷ್ಟ. ಮೈಲುತುತ್ತ ಬೆರೆಸಿ ನೋಡಿದೆ, ಬೂಸ್ಟು ನಿಂತಿತು, ಆದರೆ ಮಣ್ಣಿನ ಬಣ್ಣ ಕೆಟ್ಟಿತು. ಅಂಟು ಬಿಟ್ಟೆ, ಕಟ್ಟಿಗೆ ಪುಡಿ ಉಳಿಸಿಕೊಂಡೆ.

ಕೊನೆಗೆ ಕೈ ಹಿಡಿದದ್ದು ಹಳೇ ಧೋತರ. ಅದನ್ನು ಹಲಗೆಗೆ ಅಂಟಿಸಿ, ಮೇಲೆ ಕಟ್ಟಿಗೆ ಪುಡಿ ಬೆರೆಸಿದ ಜೆಸ್ಸೋ ಒರಟಾಗಿ ಎಳೆದೆ. ಮಣ್ಣಿಗೆ ಹಿಡಿತ ಸಿಕ್ಕಿತು. ಐದು ಬಟ್ಟಲು ಸೋಸಿದ ಮಣ್ಣಿಗೆ ಅರ್ಧ ಬಟ್ಟಲಿಗಿಂತ ಸ್ವಲ್ಪ ಕಡಿಮೆ ಫೆವಿಕಾಲ್. ದಪ್ಪ ಮೂರು ನಾಲ್ಕು ಮಿಲಿಮೀಟರ್, ಅದಕ್ಕಿಂತ ಬೇಡ. ಬೇಸಿಗೆಯಲ್ಲಿ ಒದ್ದೆ ಗೋಣಿತಾಟಿನ ನೆರಳಲ್ಲೇ ಒಣಗಿಸಬೇಕು, ಬಿಸಿಲಿಗಿಟ್ಟರೆ ಅಂಚು ಸುರುಳುತ್ತದೆ. ಬಿರಿದ ಮೇಲೆ ತೆಳು ಅಂಟನ್ನು ಸಿರಿಂಜಿನಲ್ಲಿ ಬಿರುಕಿನೊಳಗೆ ಬಿಡುತ್ತೇನೆ, ಮೂರು ದಿನ, ದಿನಕ್ಕೊಮ್ಮೆ. ಕಲಸುವ ನೀರಿಗೆ ಇನ್ನೊಂದು ವಸ್ತು ಹಾಕುತ್ತೇನೆ. ಬಿರುಕು ಸಣ್ಣದೋ ದೊಡ್ಡದೋ ಎಂದು ತೀರ್ಮಾನಿಸುವುದು ಅದೇ. ಅದನ್ನು ಮಾತ್ರ ಇಲ್ಲಿ ಬರೆಯಲ್ಲ.

ನಡುವೆ ಬ್ಯಾಡಗಿ ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ನೆನೆಸಿ ಕಟ್ಟಿಗೆಗೆ ಬಣ್ಣ ಹಚ್ಚಿದ್ದೂ ಉಂಟು. ಮೊದಲ ವಾರ ಕುಂಕುಮದಂಥ ಕೆಂಪು. ಕಿಟಕಿ ಪಕ್ಕ ಎರಡು ತಿಂಗಳಿಟ್ಟೆ, ಬಣ್ಣ ಪೂರ್ತಿ ಹೋಯಿತು. ಅಡುಗೆಗೇ ಸರಿ ಅದು.

ಇದುವರೆಗಿನ ದೊಡ್ಡ ಕೆಲಸ ಮಾಗಡಿ ಕೆರೆಯದು. ಶಿರಹಟ್ಟಿ ಕಡೆ ಚಳಿಗಾಲಕ್ಕೆ ಪಟ್ಟೆ ತಲೆ ಹೆಬ್ಬಾತುಗಳು ಬರುತ್ತವಲ್ಲ, ಆ ದಡ. ಕೆಳಗೆ ಬಿರಿದ ಎರೆಮಣ್ಣು, ಮೇಲೆ ಹಕ್ಕಿಗಳು. ರೆಕ್ಕೆಗೆ ಅರಳಿ ಎಲೆಯ ಜಾಲರಿ. ಎಲೆ ತಿಂಗಳ ಮೇಲೆ ನೀರಲ್ಲಿ ಕೊಳೆತಿತ್ತು, ಮನೆಯವರು ಬಕೆಟ್ ಸಮೇತ ನನ್ನನ್ನು ಹಿತ್ತಲಿಗೆ ಕಳಿಸಿದ್ದರು. ಸಾಮಾನಿಗೆ ಸುಮಾರು 1,800 ರೂಪಾಯಿ. ಹುಬ್ಬಳ್ಳಿಯವರೊಬ್ಬರು 14,000ಕ್ಕೆ ಒಯ್ದರು, ಚೌಕಾಸಿ ಇಲ್ಲದೆ.

ಈಗ ಕಪ್ಪತಗುಡ್ಡದ ಬುಡದ ಹೊಲದಿಂದ ಕೆಂಪು ಮಣ್ಣು ತಂದಿದ್ದೇನೆ. ಅದು ಎರೆಯಷ್ಟು ಕುಗ್ಗುವುದಿಲ್ಲ. ಎರಡನ್ನೂ ಒಂದೇ ಹಲಗೆಗೆ ಹಾಕಿದರೆ ಸೇರುವ ಕಡೆ ಎರೆ ಜಗ್ಗಿಕೊಂಡು ಬಿಟ್ಟುಬರುತ್ತಿದೆ. ಮೂರು ಹಲಗೆ ಹೋದವು. ನಾಲ್ಕನೆಯದು ಗೋಣಿತಾಟಿನ ಕೆಳಗಿದೆ.