ಧ್ವನಿಮತದಲ್ಲಿ ನಮ್ಮ ಶಾಸಕರನ್ನು ಹುಡುಕಿದ್ದು

"ಧ್ವನಿಮತದಲ್ಲಿ ಪಾಸಾದದ್ದಕ್ಕೆ ಯಾರ ಲೆಕ್ಕ ಹಿಡೀತೀಯಾ? ಬಿಡು ಮಾರಾಯ" ಅಂದಿದ್ದರು ನಮ್ಮ ತಾಲ್ಲೂಕಿನ ಹಿರಿಯ ವರದಿಗಾರರೊಬ್ಬರು. ಈಗ ನನ್ನ ಹತ್ತಿರ 14 ಮಸೂದೆಗಳ ಪಟ್ಟಿ ಇದೆ. ಯಾವ ಮಸೂದೆ ಬಂದಾಗ ನಮ್ಮ ಶಾಸಕರು ಏನು ಮಾಡಿದರು ಅಂತ ಒಂದೇ ಹಾಳೆಯಲ್ಲಿ. ಕಳೆದ ವಾರ ಅದೇ ಹಿರಿಯರು ಅಂಗಡಿಗೆ ಬಂದು ಒಂದು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು ಹೋದರು. ದುಡ್ಡು ತಗೊಂಡೇ ಕೊಟ್ಟೆ.

ಶಾಸಕರ ಹೆಸರು, ಪಕ್ಷ ಇಲ್ಲಿ ಹಾಕುವುದಿಲ್ಲ. 2018ರಲ್ಲೂ 2023ರಲ್ಲೂ ಗೆದ್ದವರು, ಅಷ್ಟು ಸಾಕು. ನನ್ನದು ಡಿಟಿಪಿ ಅಂಗಡಿ. ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕುವುದು ಹಳೇ ಚಟ.

ಮೊದಲ ಅರ್ಜಿಯಲ್ಲಿ ಕೇಳಿದ್ದು ನೇರ ಪ್ರಶ್ನೆ. ಈ ಮಸೂದೆಗಳಿಗೆ ಸದರಿ ಸದಸ್ಯರು ಹೌದು ಅಂದರಾ, ಇಲ್ಲ ಅಂದರಾ? ಅಂಥ ಮಾಹಿತಿ ಲಭ್ಯವಿಲ್ಲ ಅಂತ ಉತ್ತರ ಬಂತು. ಬೈಯುವ ಹಾಗಿಲ್ಲ, ನಿಜವೇ ಅದು. ಧ್ವನಿಮತ ಅಂದರೆ ಇಷ್ಟೇ: ಸಭಾಧ್ಯಕ್ಷರು ‘ಹೌದು ಎನ್ನುವವರು ಹೌದು ಎನ್ನಿ’ ಅಂತಾರೆ, ಒಂದಷ್ಟು ದನಿ ಕೇಳುತ್ತದೆ, ಮುಗೀತು. ಹೆಸರು ಎಲ್ಲಿಂದ ಬರಬೇಕು? ಎರಡನೇ ಅರ್ಜಿ ಎರಡು ಪುಟ, ಆರು ವಿಷಯ. ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದ ಅಂತ ಇದೆಯಲ್ಲ, ಅದು ವಾಪಸ್. ಬೇರೆಯವರಿಗೆ ಅರ್ಜಿ ಬರೆದುಕೊಡುವ ನಾನೇ ಹೀಗೆ ಮಾಡಿದ್ದು ಯಾರಿಗೂ ಹೇಳಿರಲಿಲ್ಲ. ಮೂರನೆಯದಕ್ಕೆ ಸದನದ ಹಾಜರಾತಿ ಪಟ್ಟಿ ಸಿಕ್ಕಿತು. ಸುಮಾರು 400 ಪುಟ, ಪುಟಕ್ಕೆ 2 ರೂಪಾಯಿ.

ಖುಷಿಪಟ್ಟೆ. ಎರಡು ದಿನ ಮಾತ್ರ. ಹಾಜರಾತಿ ಇರುವುದು ದಿನದ ಲೆಕ್ಕಕ್ಕೆ. ಬೆಳಿಗ್ಗೆ ಸಹಿ ಹಾಕಿದವರು ಮಧ್ಯಾಹ್ನ ಊಟಕ್ಕೆ ಎದ್ದರೆ ಆಮೇಲೆ ಎಲ್ಲಿದ್ದರೋ ಯಾರಿಗೆ ಗೊತ್ತು! ಮಸೂದೆಗಳು ಪಾಸಾಗುವುದು ಜಾಸ್ತಿ ಊಟದ ನಂತರವೇ. ಅಷ್ಟೊತ್ತಿಗೆ ಬೆಂಗಳೂರಿಗೆ ನಾಲ್ಕು ಸಲದ ಬಸ್ ಚಾರ್ಜು, ಊಟ, ಅರ್ಜಿ ಶುಲ್ಕದ ಪೋಸ್ಟಲ್ ಆರ್ಡರ್, ಜೆರಾಕ್ಸ್ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ ಹೋಗಿತ್ತು. ಮನೆಯಲ್ಲಿ ಎರಡು ಸಾವಿರ ಅಂತ ಹೇಳಿದ್ದೆ.

ಆಮೇಲೆ ನಡವಳಿ, ಅಂದರೆ ಸದನದಲ್ಲಿ ನಡೆದದ್ದರ ಲಿಖಿತ ದಾಖಲೆ ಹಿಡಿದೆ. ಇಲ್ಲೂ ಒಂದು ತಿಂಗಳು ಸುಮ್ನೆ ಹೋಯಿತು. ‘ಮಸೂದೆ’ ಅಂತ ಹುಡುಕುತ್ತಿದ್ದೆ, ಒಂದೂ ಸಿಗುತ್ತಿರಲಿಲ್ಲ. ಸದನದ ಕಾಗದದಲ್ಲಿ ಅದು ‘ವಿಧೇಯಕ’ ಅಲ್ವಾ! ಜೊತೆಗೆ ನನಗೆ ಸಿಕ್ಕ ಪಿಡಿಎಫ್‌ಗಳಲ್ಲಿ ಎಷ್ಟೋ ಹಳೇ ಅಕ್ಷರಶೈಲಿಯವು, ಯೂನಿಕೋಡ್‌ಗೆ ತಿರುಗಿಸದೆ ಹುಡುಕಲು ಆಗಲ್ಲ. ತಿರುಗಿಸಿದರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಡಿಟಿಪಿಯವನಾದದ್ದು ಇಲ್ಲಿ ಉಪಯೋಗಕ್ಕೆ ಬಂತು.

ಕೊನೆಗೆ ಕೆಲಸಕ್ಕೆ ಬಂದದ್ದು ಹೌದು-ಇಲ್ಲ ಬಿಟ್ಟುಬಿಟ್ಟಿದ್ದು. ಪಕ್ಷಾಂತರ ನಿಷೇಧ ಕಾಯ್ದೆ ಬಂದು 40 ವರ್ಷ ಆಯಿತು. ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ ಇದ್ದರೆ ಪಕ್ಷ ಹೇಳಿದ ಕಡೆಯೇ ಕೈ. ಹಾಗಾಗಿ ಕೇಳಬೇಕಾದದ್ದು ಆ ಹೊತ್ತಿಗೆ ಮನುಷ್ಯ ಎಲ್ಲಿದ್ದ ಅನ್ನೋದು. ಮಾತಾಡಿದರಾ, ಸುಮ್ಮನೆ ಕೂತಿದ್ದರಾ, ಸಭಾತ್ಯಾಗ ಮಾಡಿದರಾ, ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿದಿದ್ದರಾ, ಇರಲೇ ಇಲ್ಲವಾ. ಮಾತಾಡಿದ್ದು, ಸಭಾತ್ಯಾಗ ಮಾಡಿದ್ದು ನಡವಳಿಯಲ್ಲಿ ಸಿಗುತ್ತದೆ. ಉಳಿದದ್ದಕ್ಕೆ ಯೂಟ್ಯೂಬ್‌ನಲ್ಲಿರುವ ನೇರಪ್ರಸಾರ. ಆರೆಂಟು ಗಂಟೆಯ ವಿಡಿಯೊದಲ್ಲಿ ಮಸೂದೆ ಪಾಸಾದ ಆ ಎರಡು ನಿಮಿಷವನ್ನು ನಡವಳಿಗೆ ಹೊಂದಿಸುವುದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳಲ್ಲ. ಐದು ತಿಂಗಳು ತಿಂದಿದೆ ಅದು. ಪ್ರಶ್ನೋತ್ತರ ಮುಗಿದ ಮೇಲಿನ ಶೂನ್ಯವೇಳೆ ಎಷ್ಟಕ್ಕೆ ಶುರುವಾಯಿತು ಅಂತ ನೋಡಿಕೊಳ್ಳಿ, ಅಷ್ಟು ಸುಳಿವು ಸಾಕು.

ಈ ನಡುವೆ ಒಂದು ಹುಚ್ಚಾಟವೂ ಆಯಿತು. ಧ್ವನಿಮತ ಅಂದಮೇಲೆ ಧ್ವನಿ ಅಳೆದೇ ಬಿಡೋಣ ಅಂತ ಮೊಬೈಲಿಗೆ ಡೆಸಿಬಲ್ ಅಳೆಯುವ ಆ್ಯಪ್ ಹಾಕಿಕೊಂಡೆ. ಸ್ಪೀಕರ್ ಬಾಕ್ಸ್ ಮುಂದಿಟ್ಟು ‘ಹೌದು’ ಎಷ್ಟು, ‘ಇಲ್ಲ’ ಎಷ್ಟು ಅಂತ ಹತ್ತು ಮಸೂದೆಗೆ ಬರೆದುಕೊಂಡೆ. ಹತ್ತರಲ್ಲೂ ಗೆದ್ದದ್ದು ಸಭಾಧ್ಯಕ್ಷರ ದನಿ! ಅವರ ಮೈಕೇ ಜೋರು. ಮಾತನ್ನು ಅಕ್ಷರ ಮಾಡುವ ಆ್ಯಪ್‌ಗೆ ತಿಂಗಳಿಗೆ 500 ಚಿಲ್ಲರೆ ಕಟ್ಟಿದೆ. ಗಲಾಟೆ ಶುರುವಾದ ಕೂಡಲೇ ಅದು ಕೈ ಚೆಲ್ಲಿತು. ಎರಡೇ ತಿಂಗಳಿಗೆ ನಿಲ್ಲಿಸಿದೆ.

ಕಷ್ಟವೇ ಇಲ್ಲದ ದಿನ ಅಂದರೆ 2019ರ ಜುಲೈ 23. ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ವಿಶ್ವಾಸಮತ. ಸಾಲು ಸಾಲಾಗಿ ಎಬ್ಬಿಸಿ ನಿಲ್ಲಿಸಿ ತಲೆ ಎಣಿಸಿದರು. ಪರ 99, ವಿರೋಧ 105. ಅವತ್ತು ನಮ್ಮವರನ್ನು ಹುಡುಕಲು ಎರಡು ನಿಮಿಷವೂ ಬೇಕಾಗಲಿಲ್ಲ. ಎಲ್ಲ ಮಸೂದೆಗೂ ಹೀಗೇ ಎಣಿಸಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ನಮ್ಮೂರಿನ ಜನ ಪಟ್ಟಿಯಲ್ಲಿ ಮೊದಲು ಬೆರಳಿಟ್ಟದ್ದು ಭೂಸುಧಾರಣೆ ತಿದ್ದುಪಡಿಗೆ. ಕಾಯ್ದೆಯ 79ಎ, 79ಬಿ ಕಲಂಗಳನ್ನು ಎತ್ತಿ ಹಾಕಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾಡಿದ್ದು. 2020ರ ಸೆಪ್ಟೆಂಬರ್ 28ಕ್ಕೆ ರೈತ ಸಂಘಟನೆಗಳ ಬಂದ್ ಇತ್ತು, ಅದಕ್ಕೆ ಎರಡು ದಿನ ಮುಂಚೆ ವಿಧಾನಸಭೆಯಲ್ಲಿ ಪಾಸಾಯಿತು. ಬಂದ್ ದಿನ ನಮ್ಮ ಶಾಸಕರ ಮಾತು ಊರಲ್ಲಿ ಎಲ್ಲರಿಗೂ ನೆನಪಿದೆ. ಸದನದಲ್ಲಿ ಅವರ ಒಂದು ವಾಕ್ಯವೂ ನನಗೆ ಸಿಗಲಿಲ್ಲ. ನನ್ನ ಕಾಲಂನಲ್ಲಿ ‘ಕೂತಿದ್ದರು, ಮಾತಿಲ್ಲ’.

ಒಟ್ಟು 14ರಲ್ಲಿ ಮಾತಾಡಿದ್ದು ಮೂರಕ್ಕೆ. ಕೂತು ಸುಮ್ಮನಿದ್ದದ್ದು ನಾಲ್ಕೋ ಐದೋ. ಸಭಾತ್ಯಾಗ, ಬಾವಿ ಎರಡಿರಬೇಕು. ಉಳಿದದ್ದೆಲ್ಲ ಗೈರು. ಪೂರ್ತಿ ಖರ್ಚು ಏಳು ಸಾವಿರದ ಆಸುಪಾಸು, ನನ್ನ ಅಂಗಡಿಯ ಪ್ರಿಂಟು ಬಿಟ್ಟು.

ಅತಿ ಹೆಚ್ಚು ಕಾಡಿದ್ದು 2025ರ ಮಾರ್ಚ್ 21. ಅವತ್ತೇ ಸಂಬಳದ ಮಸೂದೆ. ಶಾಸಕರಿಗೆ 40 ಸಾವಿರ ಇದ್ದದ್ದು 80 ಸಾವಿರ, ಮುಖ್ಯಮಂತ್ರಿಗೆ 75 ಸಾವಿರ ಇದ್ದದ್ದು ಒಂದೂವರೆ ಲಕ್ಷ. ಚರ್ಚೆ ಇಲ್ಲ. ಸದನದ ತುಂಬ ಗದ್ದಲ, ಹರಿದ ಕಾಗದ ಹಾರಾಡುತ್ತಿದ್ದವು. ಬಿಜೆಪಿಯ 18 ಶಾಸಕರು ಅಮಾನತಾದದ್ದೂ ಅವತ್ತೇ. ನಮ್ಮವರು ಮಾತ್ರ ಎಲ್ಲೂ ಇಲ್ಲ. ಆ ತುಣುಕನ್ನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ಬಾವಿಯಲ್ಲಿ ಒಬ್ಬೊಬ್ಬರನ್ನೇ ಎಣಿಸಿದೆ, ಇಲ್ಲ. ಅಷ್ಟರಲ್ಲಿ ಕ್ಯಾಮೆರಾ ಅವರ ಸಾಲಿನ ಹತ್ತಿರಕ್ಕೆ ಬಂತು. ನಿಲ್ಲಿಸಿ ದೊಡ್ಡದು ಮಾಡಿದೆ. ಕುರ್ಚಿ ಖಾಲಿ. ಮೇಜಿನ ಮೇಲೆ ಕರೀ ಕನ್ನಡಕದ ಡಬ್ಬಿ, ಅರ್ಧ ಕುಡಿದ ನೀರಿನ ಬಾಟಲಿ. ಗೈರು ಅಂತ ಬರೆದೆ.

ಪಟ್ಟಿಯನ್ನು ಅಂಗಡಿ ಗೋಡೆಗೆ ಅಂಟಿಸಿದ ಮೂರನೇ ದಿನ ಶಾಸಕರ ಕಡೆಯ ಹುಡುಗನ ಫೋನು. "ಅಣ್ಣಾ, ಒಂದು ತಪ್ಪಾಗಿದೆ. ಅವತ್ತು ಸಾಹೇಬ್ರು ಬಂದಿದ್ರು. ಆ ಟೈಮಲ್ಲಿ ಲಾಬಿಯಲ್ಲಿ ಫೋನಲ್ಲಿದ್ರು, ಅಷ್ಟೇ. ಗೈರು ಅನ್ನೋದನ್ನ ತೆಗೀರಿ."

ಬೇರೆ 13 ಸಾಲಿನ ಬಗ್ಗೆ ಅವನು ಏನೂ ಕೇಳಲಿಲ್ಲ. ವಿಡಿಯೊ ಮತ್ತೆ ಹಾಕಿ ನೋಡಿದೆ. ಹುಡುಗ ಹೇಳಿದ್ದೂ ಸುಳ್ಳಲ್ಲ. ಹನ್ನೊಂದು ನಿಮಿಷ ಆದಮೇಲೆ ಬಂದು ಕೂತು, ಡಬ್ಬಿಯಿಂದ ಕನ್ನಡಕ ತೆಗೆದು ಹಾಕಿಕೊಳ್ಳುತ್ತಾರೆ. ಗೈರು ಅನ್ನುವುದನ್ನು ಹೊಡೆದು ಹಾಕಿದೆ. ಸಂಬಳದ ಮಸೂದೆಯ ಸಾಲಿನಲ್ಲಿ ಈಗ ‘ಕನ್ನಡಕದ ಡಬ್ಬಿ ಹಾಜರು’ ಅಂತಿದೆ.