ಕೈದಿಯ ಕಡತ ಮುಗಿದ ಮೇಲೆ

ವಿಲಿಯಂ ಕಫೇ ಅಂದರೆ ನಮ್ಮ ಕಡೆಯವರು ಯಾವುದೋ ಹೋಟೆಲ್ ಅಂದುಕೊಂಡಾರು. ಲಂಡನ್ನಿನ ದರ್ಜಿ ಆತ. ಐದಡಿಯೂ ಇಲ್ಲದ ಆಳು, ಬೆನ್ನು ಬಾಗಿತ್ತು. ಅಪ್ಪ ಸೇಂಟ್ ಕಿಟ್ಸ್ ದ್ವೀಪದಲ್ಲಿ ಗುಲಾಮನಾಗಿದ್ದವನು. ಕೂಲಿಕಾರರಿಗೂ ಮತದಾನದ ಹಕ್ಕು ಬೇಕೆಂದ ಚಾರ್ಟಿಸ್ಟ್ ಚಳವಳಿಯಲ್ಲಿ ಮುಂಚೂಣಿಯಲ್ಲಿದ್ದ. 1848ರಲ್ಲಿ ದಂಗೆಗೆ ಸಂಚು ಮಾಡಿದನೆಂದು ಜೀವಾವಧಿ ಗಡೀಪಾರಾಯಿತು, ಆಗ ಅವನಿಗೆ ಅರವತ್ತು. ನೌಕರಿಗೆಂದು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್‌ಗೆ ಬಂದ ನನಗೆ, ಈ ಊರಿಗೇ ಬಂದಿಳಿದ ಆತ ಆಮೇಲೆ ಏನಾದ ಅನ್ನುವ ಗೀಳು ಹಿಡಿಯಿತು. ನಮ್ಮಪ್ಪನೂ ದರ್ಜಿಯೇ, ಅದೂ ಒಂದು ಕಾರಣ ಇರಬೇಕು.

ಶಿಕ್ಷೆಯ ಕಥೆ ಸಿಗುವುದು ಸುಲಭ. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ 1674ರಿಂದ 1913ರವರೆಗಿನ ವಿಚಾರಣೆಯ ವರದಿಗಳು ಅಂತರ್ಜಾಲದಲ್ಲಿ ಪುಕ್ಕಟೆ ಇವೆ. ಹೆಸರು, ಇಸವಿ ಹಾಕಿದೆ, ಚಹಾ ಆರುವಷ್ಟರಲ್ಲಿ ಸಿಕ್ಕಿತು. ಚಳವಳಿಯೊಳಗೆ ಸೇರಿಕೊಂಡಿದ್ದ ಪೊಲೀಸ್ ಗೂಢಚಾರರ ಸಾಕ್ಷ್ಯದ ಮೇಲೇ ಮೊಕದ್ದಮೆ ನಿಂತಿತ್ತು. ಕಟಕಟೆಯಲ್ಲಿ ನಿಂತ ಕಫೇ ಜ್ಯೂರಿಯನ್ನೇ ಒಪ್ಪಲಿಲ್ಲ. ಮ್ಯಾಗ್ನಾ ಕಾರ್ಟಾ ಎಂಬ ಇಂಗ್ಲೆಂಡಿನ ಹಳೇ ಹಕ್ಕುಪತ್ರದ ಪ್ರಕಾರ ನನ್ನ ಸರೀಕರು ನನ್ನನ್ನು ವಿಚಾರಿಸಬೇಕು, ಈ ಅನುಕೂಲಸ್ಥರಲ್ಲ ಎಂದು ತಕರಾರು ತೆಗೆದ. ಇಂಗ್ಲಿಷಿನ ‘ಪಿಯರ್ಸ್’ ಅನ್ನುವ ಪದಕ್ಕೆ ನಮ್ಮ ‘ಸರೀಕರು’ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ಆಮೇಲಿನದು ಟಾಸ್ಮೇನಿಯಾದ ದಾಖಲೆ. ಆಗ ಇದರ ಹೆಸರು ವ್ಯಾನ್ ಡೀಮನ್ಸ್ ಲ್ಯಾಂಡ್. 1853ರಲ್ಲಿ ಗಡೀಪಾರು ನಿಲ್ಲುವ ತನಕ ಇಲ್ಲಿಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಕೈದಿಗಳು ಬಂದರು. ಸರ್ಕಾರ ಒಬ್ಬೊಬ್ಬರ ನಡತೆಯನ್ನೂ ಬರೆದಿಟ್ಟಿತು. ಎತ್ತರ, ಕಸುಬು, ಮೈಮೇಲಿನ ಗಾಯದ ಗುರುತು, ಹಚ್ಚೆ, ಮತ್ತೆ ಕುಡಿದದ್ದು, ಕೆಲಸ ತಪ್ಪಿಸಿದ್ದು, ಅದಕ್ಕೆ ಕೊಟ್ಟ ಶಿಕ್ಷೆ. ಎಲ್ಲವೂ ಸ್ಕ್ಯಾನ್ ಆಗಿ ಮನೆಯಲ್ಲೇ ಸಿಗುತ್ತವೆ, ಆದರೆ ಓದುವುದು ಕಷ್ಟ. ಕಾಗದ ಉಳಿಸಲೆಂದು ಗುಮಾಸ್ತರು ಇರುವೆ ಸಾಲಿನ ಹಾಗೆ ಒತ್ತಿ ಒತ್ತಿ ಬರೆದಿದ್ದಾರೆ. ನಾನು ಕಂಡುಕೊಂಡ ಉಪಾಯ ಇದು: ಮೊದಲು ಗೊತ್ತಿರುವ ಪದ ಹಿಡಿಯಬೇಕು. ಕಫೇ ಬಂದ ಹಡಗು ‘ಅಡಿಲೇಡ್’, ಬಂದದ್ದು 1849ರ ನವೆಂಬರ್. ಆ ಒಂದು ಹೆಸರಿನಲ್ಲಿ ಗುಮಾಸ್ತ ‘ಡಿ’, ‘ಎಲ್’ ಹೇಗೆ ಎಳೆಯುತ್ತಾನೆ ಎಂದು ನೋಡಿಕೊಂಡರೆ ಉಳಿದದ್ದು ನಿಧಾನಕ್ಕೆ ಬಿಡಿಸಿಕೊಳ್ಳುತ್ತದೆ. ‘ಟಿ.ಎಲ್.’ ಅಂದರೆ ಟಿಕೆಟ್ ಆಫ್ ಲೀವ್, ಅಂದರೆ ಕೂಲಿಗೆ ದುಡಿಯಬಹುದು, ವಸಾಹತು ಬಿಟ್ಟು ಹೋಗುವಂತಿಲ್ಲ ಅನ್ನುವ ರಹದಾರಿ.

1856ರಲ್ಲಿ ಕಫೇಗೆ ಕ್ಷಮಾದಾನ ಸಿಕ್ಕಿತು. ಹೆಂಡತಿ ಮೇರಿ ಆನ್ ಅದಕ್ಕೆ ಮೂರು ವರ್ಷ ಮೊದಲೇ ಇಲ್ಲಿಗೆ ಬಂದಿದ್ದಳು. ಅಲ್ಲಿಗೆ ಕಡತ ಮುಗಿಯಿತು. ನಾನು ಎಡವಿದ್ದೂ ಅಲ್ಲೇ. ಇನ್ನೇನಿದೆ, ಊರಿಗೆ ಮರಳಿರಬೇಕು ಎಂದುಕೊಂಡು ಲಂಡನ್ ಕಡೆಯ ದಾಖಲೆಗಳಲ್ಲಿ ಎರಡು ತಿಂಗಳು ತಡಕಾಡಿದೆ. ಸರ್ಕಾರಕ್ಕೆ ಮನುಷ್ಯನ ಮೇಲಿನ ಆಸಕ್ತಿ ಅವನು ಕೈದಿಯಾಗಿರುವಷ್ಟು ದಿನ ಮಾತ್ರ. ಅದು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಹಳೇ ಪತ್ರಿಕೆಗಳು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದವರ ‘ಟ್ರೋವ್’ ತಾಣದಲ್ಲಿ ಅವನ್ನು ಹುಡುಕಬಹುದು. ಕಂಪ್ಯೂಟರ್ ತಪ್ಪಾಗಿ ಓದಿದ ಸಾಲುಗಳನ್ನು ನಾವೇ ತಿದ್ದಲೂಬಹುದು. ‘ಎ ವೈ’ ಇಂದ ಕೊನೆಯಾಗುವ ಹೆಸರನ್ನು ‘ಇ ವೈ’ ಎಂದು ಬದಲಿಸಿ ಹುಡುಕಿದ್ದೇ ತಡ, ಆಸಾಮಿ ಹೋಬಾರ್ಟಿನಲ್ಲೇ ಇದ್ದ! ಬಟ್ಟೆ ಹೊಲಿಯುತ್ತಾ, ಕೆಲಸ ಬಿಟ್ಟ ಆಳುಗಳನ್ನು ಜೈಲಿಗೆ ಹಾಕುವ ಇಲ್ಲಿನ ಕಾನೂನಿನ ವಿರುದ್ಧ ಸಭೆಗಳಲ್ಲಿ ಮಾತಾಡುತ್ತಾ ಇದ್ದ. ಅರವತ್ತಕ್ಕೆ ಗಡೀಪಾರಾದವನು ಸುಮ್ಮನಿರಲು ಕಲಿತಿರಲೇ ಇಲ್ಲ. ಒಂದು ಸಭೆಯಲ್ಲಂತೂ ಕೇಳುಗರನ್ನು ಜೊತೆ ಗುಲಾಮರೇ ಎಂದು ಕರೆದು, ತನಗೆ ವಯಸ್ಸಾಗಿದೆ, ಬಡತನ, ಕೆಲಸ ಇಲ್ಲ, ಮೇಲೆ ಸಾಲ, ಹಾಗಾಗಿ ದೂರಲು ಕಾರಣವಿದೆ ಎಂದ. ಆ ವರದಿಯನ್ನು ತಿದ್ದುತ್ತಾ ಕೂತ ರಾತ್ರಿ ನಾನೊಬ್ಬನೇ ನಕ್ಕಿದ್ದೆ.

ಸತ್ತದ್ದು 1870ರ ಜುಲೈಯಲ್ಲಿ, ಬ್ರಿಕ್‌ಫೀಲ್ಡ್ಸ್ ಎಂಬ ಸರ್ಕಾರಿ ಅಶಕ್ತರ ಆಶ್ರಯದಲ್ಲಿ. 82 ವರ್ಷ. ನಿಶ್ಶಬ್ದದ ಮನುಷ್ಯ, ಸದಾ ಓದುತ್ತಿದ್ದ ಎಂದು ಅಲ್ಲಿನ ಮೇಲ್ವಿಚಾರಕ ಹೇಳಿದ್ದನ್ನು ಪತ್ರಿಕೆ ಅಚ್ಚು ಹಾಕಿದೆ. ಇಷ್ಟು ವರ್ಷ ಸಭೆಗಳಲ್ಲಿ ಗುಡುಗಿದವನಿಗೆ ನಿಶ್ಶಬ್ದ ಅನ್ನುವ ಮಾತು!

ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ. ಮುಂದೆ ಯಾರಾದರೂ ಅಭಿಮಾನಿಗಳು ಕಲ್ಲು ನೆಡಿಸುವುದಾದರೆ ಇರಲಿ ಎಂದು ಟ್ರಿನಿಟಿ ಸ್ಮಶಾನದಲ್ಲಿ ಅವನ ಗೋರಿಗೆ ಗುರುತು ಹಾಕಿದ್ದರಂತೆ. ಮರುದಿನವೇ ಹೋದೆ. ಸ್ಮಶಾನವಿದ್ದ ಜಾಗದಲ್ಲಿ ಈಗ ಪ್ರಾಥಮಿಕ ಶಾಲೆಯಿದೆ. ಬಿಡುವಿನ ಹೊತ್ತು, ಮಕ್ಕಳು ಚೆಂಡಾಡುತ್ತಿದ್ದರು. ಬೇಲಿಯಾಚೆ ಸ್ವಲ್ಪ ಹೊತ್ತು ನಿಂತು, ಬಸ್ಸು ಹಿಡಿದು ವಾಪಸ್ ಬಂದೆ.